18 ತುಂಬದವರ ‘ಹೂಂ’ಗೂ ‘ಊಹೂಂ’ಗೂ ಬೆಲೆಯಿದೆ

ಮಕ್ಕಳ ಮನಸ್ಸಿನ ಕಾಯಿಲೆಗಳ ಬಗ್ಗೆ ವೈದ್ಯರು ಸಂಶೋಧನೆ ಮಾಡುತ್ತಾರೆ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಎರಡೇ ಚಿತ್ರ. ಒಂದು, ಮಗುವಿನ ತಲೆಗೆ ವೈರು ಅಂಟಿಸಿ ಕೂರಿಸಿರುವುದು. ಇನ್ನೊಂದು, ಯಾವುದೋ ಹೊಸ ಮಾತ್ರೆಯನ್ನು ಬಡವರ ಮಕ್ಕಳಿಗೆ ಕೊಟ್ಟು ಏನಾಗುತ್ತದೆ ನೋಡೋಣ ಎಂದು ಕಾಯುವುದು. ಸಿನಿಮಾ ಮತ್ತು ವಾಟ್ಸಾಪ್ ನಮಗೆ ಕಲಿಸಿರುವುದು ಇಷ್ಟೇ.

ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ಈ ವರ್ಷ ನಮ್ಮ ಖಾಲಾ ಮನೆಗೆ ಇಂಥ ಒಂದು ಸಂಶೋಧನೆಯ ಫಾರಂ ಬಂತು. ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಿತ್ತು. ಆಮೇಲೆ ನಮ್ಮ ಜೀವಶಾಸ್ತ್ರದ ಮೇಡಂ ಅವರನ್ನು ಕೇಳಿ, ಸಿಕ್ಕ ಲೇಖನಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಬೇರೆ ಯಾರದೋ ವಿಷಯವಲ್ಲ. ನಮ್ಮ ಕಾಲೇಜಿನಲ್ಲಿ ಬಹುತೇಕ ಎಲ್ಲರ ವಯಸ್ಸು 16, 17. ವೈದ್ಯರ ಪುಸ್ತಕದಲ್ಲಿ ‘ಹದಿಹರೆಯದವರು’ ಎಂದರೆ ನಾವೇ.

ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ

ನಾವು ಆಸ್ಪತ್ರೆಗೆ ಹೋದಾಗ ವೈದ್ಯರ ಮುಂದಿರುವ ಪ್ರಶ್ನೆ ಒಂದೇ: ‘ಈ ಮಗುವಿಗೆ ಏನು ಮಾಡಿದರೆ ಒಳ್ಳೆಯದಾಗುತ್ತದೆ?’ ಇದು ಚಿಕಿತ್ಸೆ. ಆದರೆ ಆ ಉತ್ತರ ವೈದ್ಯರಿಗೆ ಎಲ್ಲಿಂದ ಸಿಗಬೇಕು? ಹಿಂದೆ ಇಂಥದೇ ತೊಂದರೆ ಇದ್ದ ನೂರಾರು ಮಕ್ಕಳನ್ನು ಯಾರಾದರೂ ಕ್ರಮವಾಗಿ ಗಮನಿಸಿ, ಯಾವುದರಿಂದ ಗುಣವಾಯಿತು, ಯಾವುದರಿಂದ ಆಗಲಿಲ್ಲ ಎಂದು ಬರೆದಿಟ್ಟಿರಬೇಕು. ಹಾಗೆ ಬರೆದಿಡುವುದೇ ಸಂಶೋಧನೆ.

ದೊಡ್ಡವರ ಮೇಲೆ ಮಾಡಿದ ಸಂಶೋಧನೆಯನ್ನೇ ಮಕ್ಕಳಿಗೂ ಬಳಸಬಹುದಲ್ಲ ಎಂದು ಕೇಳಬಹುದು. ಆಗುವುದಿಲ್ಲ. ಮಗು ಎಂದರೆ ಅಳತೆ ಕಡಿಮೆ ಮಾಡಿದ ದೊಡ್ಡ ಮನುಷ್ಯನಲ್ಲ. ನಮ್ಮ ಮೆದುಳು ಇನ್ನೂ ಬೆಳೆಯುತ್ತಿದೆ. ದೊಡ್ಡವರಿಗೆ ಕೆಲಸ ಮಾಡುವ ಔಷಧಿ ನಮಗೆ ಕೆಲಸ ಮಾಡದೇ ಇರಬಹುದು, ಅಥವಾ ಬೇರೆ ರೀತಿ ಕೆಲಸ ಮಾಡಬಹುದು. ತೊಂದರೆ ತೋರುವ ರೀತಿಯೂ ಬೇರೆ. ಖಿನ್ನತೆ ಇರುವ ದೊಡ್ಡವರು ಸುಮ್ಮನೆ ಮೂಲೆಯಲ್ಲಿ ಕೂತರೆ, ಅದೇ ಖಿನ್ನತೆ ಇರುವ ಹುಡುಗ ಸಿಡುಕಬಹುದು, ಜಗಳವಾಡಬಹುದು. ಮನೆಯಲ್ಲಿ ‘ಸೊಕ್ಕು ಜಾಸ್ತಿ’ ಎಂದು ಬೈಸಿಕೊಳ್ಳುತ್ತಾನೆ.

ಇನ್ನೊಂದು ಕಷ್ಟ, ಅಳತೆಯದು. ಜ್ವರಕ್ಕೆ ಥರ್ಮಾಮೀಟರ್ ಇದೆ, ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ. ಮನಸ್ಸಿನ ತೊಂದರೆಯನ್ನು ಕೇಳಿಯೇ ತಿಳಿಯಬೇಕು. ತಾಯಿಯನ್ನು ಕೇಳಬೇಕು, ಶಿಕ್ಷಕರನ್ನು ಕೇಳಬೇಕು, ಮಗುವನ್ನೂ ಕೇಳಬೇಕು. ಈ ಮೂವರ ಉತ್ತರ ಎಷ್ಟೋ ಸಲ ಒಂದೇ ಆಗಿರುವುದಿಲ್ಲ. ತರಗತಿಯಲ್ಲಿ ಚಡಪಡಿಸುವ ಹುಡುಗ ಮನೆಯಲ್ಲಿ ಶಾಂತವಾಗಿರಬಹುದು. ಎಲ್ಲರ ಮುಂದೆ ನಗುವ ಹುಡುಗಿ ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಿರಬಹುದು. ಅದು ಅವಳೊಬ್ಬಳಿಗೇ ಗೊತ್ತು.

2,064 ಮಕ್ಕಳ ಲೆಕ್ಕ

ಇಂಥ ಕೆಲಸಕ್ಕೆ ನಾವು ದೂರ ಹುಡುಕಬೇಕಾಗಿಲ್ಲ. ಮಾದಾವರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಲಾಲ್‌ಬಾಗ್‌ನಲ್ಲಿ ಇಳಿದು ಆಟೋ ಹಿಡಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಸಿಗುತ್ತದೆ. ಅಲ್ಲಿನ ಡಾ. ಶೋಭಾ ಶ್ರೀನಾಥ್, ಡಾ. ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು ಬೆಂಗಳೂರಿನ ಮಕ್ಕಳ ಬಗ್ಗೆ ನಡೆಸಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಭಾರತದಲ್ಲಿ ಯಾರು ಬರೆದರೂ ಇಂದಿಗೂ ಇದರ ಹೆಸರು ಬರುತ್ತದೆ.

ಅವರು ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಲಿಲ್ಲ. ಹಾಗೆ ಎಣಿಸಿದರೆ, ಬಾರದೇ ಮನೆಯಲ್ಲೇ ಉಳಿದವರ ಲೆಕ್ಕ ತಪ್ಪಿಹೋಗುತ್ತದೆ. ಆದ್ದರಿಂದ ನಗರದ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಮತ್ತು ಹಳ್ಳಿ ಈ ಮೂರೂ ಕಡೆಯಿಂದ ಹುಟ್ಟಿನಿಂದ 16 ವರ್ಷದವರೆಗಿನ 2,064 ಮಕ್ಕಳನ್ನು ಆರಿಸಿಕೊಂಡರು. ಮೊದಲು ಎಲ್ಲರಿಗೂ ಸರಳ ಪ್ರಶ್ನೆಗಳ ತಪಾಸಣೆ. ಅದರ ನಂತರ ವಿವರವಾದ ಪರೀಕ್ಷೆ.

ಫಲಿತಾಂಶ ಹೀಗಿತ್ತು. ಶೇ. 12.5 ಮಕ್ಕಳಲ್ಲಿ, ಅಂದರೆ 8 ಮಕ್ಕಳಲ್ಲಿ ಒಬ್ಬರಿಗೆ, ಮನಸ್ಸಿಗೆ ಅಥವಾ ಬೆಳವಣಿಗೆಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಕಂಡಿತು. 4ರಿಂದ 16 ವರ್ಷದವರಲ್ಲಿ ಇದು ಶೇ. 12. ಇದನ್ನು ಕೇಳಿ ಹೆದರಬೇಕಾಗಿಲ್ಲ. ಈ ವಯಸ್ಸಿನವರಲ್ಲಿ ಹೆಚ್ಚಾಗಿ ಕಂಡದ್ದು ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವುದು, ಯಾವುದಾದರೂ ಒಂದು ವಸ್ತು ಅಥವಾ ಸನ್ನಿವೇಶದ ಅತಿಯಾದ ಭಯ, ಅತಿ ಚಟುವಟಿಕೆ, ತೊದಲುವಿಕೆ, ಮತ್ತು ಎಲ್ಲದಕ್ಕೂ ಎದುರು ನಿಲ್ಲುವ ಹಟದ ತೊಂದರೆ. ದಿನನಿತ್ಯದ ಬದುಕಿಗೇ ಅಡ್ಡಿಯಾಗುವಷ್ಟು ತೊಂದರೆ ಇದ್ದವರು ಶೇ. 5.3.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇದರಲ್ಲಿ ಯಾವುದನ್ನು ನಾವು ‘ಕಾಯಿಲೆ’ ಎಂದುಕೊಂಡಿದ್ದೆವು? ಬೆಳಗಾಗುತ್ತಲೇ ತಾರಸಿಯ ಮೇಲೆ ಒದ್ದೆ ಹಾಸಿಗೆ ಒಣಗುವ ಮನೆಗಳು ನಮ್ಮ ಬೀದಿಗಳಲ್ಲೂ ಇವೆ. ಆ ಮಗುವಿಗೆ ಸಿಗುವುದು ಪೆಟ್ಟು ಮತ್ತು ಅಣ್ಣ ತಂಗಿಯರ ಗೇಲಿ. ತೊದಲುವವರ ಮಾತನ್ನು ನಕಲು ಮಾಡಿ ನಗುವುದನ್ನು ನಾವು ತರಗತಿಯಲ್ಲೇ ನೋಡಿದ್ದೇವೆ. ಅಧ್ಯಯನವೂ ಇದನ್ನೇ ಇನ್ನೊಂದು ಅಂಕಿಯಲ್ಲಿ ಹೇಳಿದೆ: ತಮ್ಮ ಮಗುವಿಗೆ ಏನೋ ತೊಂದರೆ ಇದೆ ಎಂದುಕೊಂಡಿದ್ದ ಮನೆಯವರು ಶೇ. 37.5 ಮಾತ್ರ. ಉಳಿದವರಿಗೆ ಅದು ತೊಂದರೆ ಎಂದೇ ಅನ್ನಿಸಿರಲಿಲ್ಲ.

ಇನ್ನೆರಡು ವಿಷಯ. ಮಧ್ಯಮ ವರ್ಗ, ಕೊಳೆಗೇರಿ, ಹಳ್ಳಿ ಈ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ಇದೆಲ್ಲ ದುಡ್ಡಿದ್ದವರ ಕಾಯಿಲೆ’ ಎಂಬ ಮಾತಿಗೂ, ‘ಕೊಳೆಗೇರಿಯ ಮಕ್ಕಳೇ ಹಾಗೆ’ ಎಂಬ ಮಾತಿಗೂ ಇದರಲ್ಲಿ ಆಧಾರವಿಲ್ಲ. ಎರಡನೆಯದು, ಮಗುವಿಗೆ ಹೊಡೆತ ಬಡಿತ ಆಗುವುದಕ್ಕೂ, ತಂದೆ ಅಥವಾ ತಾಯಿಗೆ ಮಾನಸಿಕ ಕಾಯಿಲೆ ಇರುವುದಕ್ಕೂ ಮಗುವಿನ ತೊಂದರೆಯೊಂದಿಗೆ ನಂಟು ಕಂಡಿತು. ನಂಟು ಎಂದರೆ ಅದೇ ಕಾರಣ ಎಂದಲ್ಲ. ಹೊಡೆದದ್ದರಿಂದ ಮಗು ಹಾಗಾಯಿತೋ, ಮಗು ಹಾಗಿದ್ದುದರಿಂದ ಹೊಡೆತ ತಿಂದಿತೋ ಎಂಬುದನ್ನು ಒಂದೇ ಸಲ ಹೋಗಿ ಎಣಿಸಿದರೆ ಹೇಳಲಾಗದು. ಸಂಖ್ಯಾಶಾಸ್ತ್ರ ತೆಗೆದುಕೊಂಡಿರುವ ವಾಣಿಜ್ಯ ವಿಭಾಗದ ಗೆಳೆಯರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ಅದೇ ಮಕ್ಕಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಭೇಟಿಯಾಗುವ ಅಧ್ಯಯನಗಳು ಬೇಕಾಗುತ್ತವೆ. ‘ಸಿ-ವೇದಾ’ ಎಂಬ ಯೋಜನೆ ಅಂಥದ್ದು. ಬೆಂಗಳೂರು, ಮೈಸೂರು ಸೇರಿ ದೇಶದ 7 ಕೇಂದ್ರಗಳಲ್ಲಿ 6ರಿಂದ 23 ವರ್ಷದ 9,000ಕ್ಕೂ ಹೆಚ್ಚು ಜನ ಅದರಲ್ಲಿ ಸೇರಿದ್ದಾರೆ.

‘ಬೇಜಾರು’ ಎಂದರೆ ಯಾವ ಬೇಜಾರು?

ಪ್ರಶ್ನಾವಳಿಗಳು ಬಹುತೇಕ ಇಂಗ್ಲಿಷಿನಲ್ಲಿ ಹುಟ್ಟಿದವು. ಅವನ್ನು ಕನ್ನಡಕ್ಕೆ ತರುವುದೇ ಒಂದು ದೊಡ್ಡ ಕೆಲಸ. ನಾವು ‘ಬೇಜಾರು’ ಎನ್ನುತ್ತೇವೆ. ಭೌತಶಾಸ್ತ್ರದ ಪೀರಿಯಡ್ ಎರಡು ಗಂಟೆ ನಡೆದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಬದುಕೇ ಬೇಡ ಅನ್ನಿಸಿದರೂ ಬೇಜಾರು. ನಮ್ಮ ಮನೆಗಳಲ್ಲಿ ದಖನಿ ಮಾತಾಡುವವರು ‘ದಿಲ್ ಘಬ್ರಾರಾ’ ಎನ್ನುತ್ತಾರೆ. ಅದು ಭಯವೂ ಇರಬಹುದು, ಆತಂಕವೂ ಇರಬಹುದು, ನಿಜವಾಗಿ ಎದೆ ಬಡಿತವೇ ಹೆಚ್ಚಾಗಿರಬಹುದು.

ಆದ್ದರಿಂದ ಒಬ್ಬರು ಪ್ರಶ್ನೆಯನ್ನು ಕನ್ನಡಕ್ಕೆ ತಂದ ಮೇಲೆ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ಅರ್ಥ ಎಲ್ಲಿ ಜಾರಿತು ಎಂದು ನೋಡುತ್ತಾರೆ. ಆಮೇಲೆ ಕೆಲವು ಮಕ್ಕಳಿಗೆ ಕೊಟ್ಟು, ‘ಈ ಪ್ರಶ್ನೆಯಿಂದ ನಿನಗೆ ಏನು ಅರ್ಥವಾಯಿತು?’ ಎಂದು ಕೇಳುತ್ತಾರೆ. ಎರಡು ಮೂರು ಭಾಷೆಗಳ ನಡುವೆ ಬೆಳೆದ ನಮ್ಮಂಥವರು ಮುಂದೆ ಈ ಕ್ಷೇತ್ರಕ್ಕೆ ಹೋದರೆ ನಿಜವಾದ ಉಪಯೋಗವಿದೆ ಎಂದು ನನಗೆ ಅನ್ನಿಸಿದ್ದು ಇಲ್ಲಿಯೇ.

ಚೀಟಿ ಎತ್ತುವುದು ಯಾಕೆ?

ಎಣಿಸುವುದು ಒಂದು ಬಗೆಯ ಸಂಶೋಧನೆಯಾದರೆ, ಚಿಕಿತ್ಸೆಯನ್ನು ಒರೆಗೆ ಹಚ್ಚುವುದು ಇನ್ನೊಂದು. ಅಮೆರಿಕದಲ್ಲಿ ನಡೆದು 2004ರಲ್ಲಿ ಮೊದಲ ಫಲಿತಾಂಶ ಪ್ರಕಟವಾದ ‘ಟ್ಯಾಡ್ಸ್’ ಎಂಬ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಖಿನ್ನತೆ ಇದ್ದ 12ರಿಂದ 17 ವರ್ಷದ 439 ಮಂದಿಯನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಫ್ಲೂಆಕ್ಸೆಟಿನ್ ಎಂಬ ಮಾತ್ರೆ. ಒಂದಕ್ಕೆ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ. ಒಂದಕ್ಕೆ ಎರಡೂ. ಇನ್ನೊಂದಕ್ಕೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸುವಂತಿಲ್ಲ, ಪೋಷಕರೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ವೈದ್ಯರಿಗೆ ಬಿಟ್ಟರೆ ಕಡಿಮೆ ತೊಂದರೆ ಇರುವವರನ್ನು ತಮಗೆ ಇಷ್ಟವಾದ ಚಿಕಿತ್ಸೆಗೆ ಹಾಕಿಬಿಡಬಹುದು. ಆಗ ಗುಣವಾದದ್ದು ಚಿಕಿತ್ಸೆಯಿಂದಲೋ, ತೊಂದರೆಯೇ ಕಡಿಮೆ ಇದ್ದುದರಿಂದಲೋ ತಿಳಿಯುವುದಿಲ್ಲ.

12 ವಾರಗಳ ನಂತರ ಎರಡೂ ಚಿಕಿತ್ಸೆ ಪಡೆದವರಲ್ಲಿ ಶೇ. 71 ಮಂದಿ ಸುಧಾರಿಸಿದ್ದರು. ಮಾತ್ರೆ ಮಾತ್ರ ಪಡೆದವರಲ್ಲಿ ಸುಮಾರು ಶೇ. 61, ಮಾತಿನ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ. 43. ಹುಸಿ ಮಾತ್ರೆ ಪಡೆದವರಲ್ಲೂ ಸುಮಾರು ಶೇ. 35 ಮಂದಿ ಸುಧಾರಿಸಿದ್ದರು! ಕಾಲ ಕಳೆದಂತೆ, ಯಾರೋ ನಿಯಮಿತವಾಗಿ ವಿಚಾರಿಸುತ್ತಿದ್ದಾರೆ ಎಂಬುದರಿಂದ, ಗುಣವಾಗುತ್ತದೆ ಎಂಬ ನಂಬಿಕೆಯಿಂದ ಕೆಲವರು ಸುಧಾರಿಸುತ್ತಾರೆ. ಹುಸಿ ಮಾತ್ರೆಯ ಗುಂಪು ಇಲ್ಲದಿದ್ದರೆ ಆ 35ರ ಶ್ರೇಯಸ್ಸೂ ಔಷಧಿಗೇ ಹೋಗುತ್ತಿತ್ತು. ‘ನಮ್ಮ ಔಷಧಿಯಿಂದ ಇಷ್ಟು ಜನ ಗುಣವಾದರು’ ಎಂದು ಯಾರೇ ಹೇಳಿದರೂ ನಾವು ಕೇಳಬೇಕಾದ ಪ್ರಶ್ನೆ, ‘ತೆಗೆದುಕೊಳ್ಳದವರಲ್ಲಿ ಎಷ್ಟು ಜನ ಗುಣವಾದರು?’

ಮುಚ್ಚಿಟ್ಟರೆ ಏನಾಗುತ್ತದೆ

ಎಲ್ಲ ಸಂಶೋಧನೆಯೂ ಪ್ರಾಮಾಣಿಕವಾಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಪ್ಯಾರಾಕ್ಸೆಟಿನ್ ಎಂಬ ಖಿನ್ನತೆಯ ಔಷಧಿಯನ್ನು 275 ಹದಿಹರೆಯದವರಲ್ಲಿ ಪರೀಕ್ಷಿಸಿದ ‘ಸ್ಟಡಿ 329’ 2001ರಲ್ಲಿ ಪ್ರಕಟವಾದಾಗ, ಔಷಧಿ ಪರಿಣಾಮಕಾರಿ, ಹೆಚ್ಚು ಅಪಾಯವಿಲ್ಲ ಎಂದು ಬರೆಯಲಾಗಿತ್ತು. 2015ರಲ್ಲಿ ಬೇರೊಂದು ತಂಡ ಅದೇ ಅಧ್ಯಯನದ ಮೂಲ ದಾಖಲೆಗಳನ್ನು ಮತ್ತೆ ಪರಿಶೀಲಿಸಿತು. ಹುಸಿ ಮಾತ್ರೆಗಿಂತ ಆ ಔಷಧಿ ಮೇಲಾಗಿರಲಿಲ್ಲ, ಆತ್ಮಹತ್ಯೆಯ ಯೋಚನೆಯಂಥ ಅಪಾಯಗಳು ಹೆಚ್ಚಾಗಿದ್ದವು ಎಂದು ತಿಳಿಯಿತು. ನಡುವಿನ 14 ವರ್ಷಗಳಲ್ಲಿ ಎಷ್ಟೋ ವೈದ್ಯರು ಮೊದಲಿನ ಲೇಖನವನ್ನೇ ಓದಿರುತ್ತಾರೆ.

ಇದನ್ನು ಓದಿ ಯಾರೂ ತಾವು ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಅದೂ ಅಪಾಯವೇ. ವೈದ್ಯರನ್ನೇ ಕೇಳಬೇಕು. ನಾನು ಹೇಳಹೊರಟಿರುವುದು, ಆಟ ಶುರುವಾಗುವ ಮೊದಲೇ ನಿಯಮವನ್ನು ಎಲ್ಲರ ಮುಂದೆ ಬರೆದಿಡಬೇಕು ಎಂಬುದನ್ನು. ಭಾರತದಲ್ಲಿ ಅದಕ್ಕಾಗಿ 2007ರಲ್ಲಿ ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ’ ಆರಂಭವಾಯಿತು. 2009ರಿಂದ ಔಷಧಿ ಪರೀಕ್ಷೆಗಳನ್ನು ಅಲ್ಲಿ ನೋಂದಾಯಿಸುವುದು ಕಡ್ಡಾಯ. ಯಾವ ಆಸ್ಪತ್ರೆಯಲ್ಲಿ ಏನು ಪರೀಕ್ಷೆ ನಡೆಯುತ್ತಿದೆ, ಯಾವುದನ್ನು ಅಳೆಯುತ್ತಾರೆ ಎಂಬುದನ್ನು ನಾವು ನೀವು ಕೂಡ ಮೊಬೈಲಿನಲ್ಲಿ ಉಚಿತವಾಗಿ ನೋಡಬಹುದು.

ಕೆಲಸ ಮಾಡದ್ದನ್ನೂ ಬರೆದಿಡುವುದು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ನಿಮ್ಹಾನ್ಸ್ ತಂಡ ರೂಪಿಸಿದ ಜೀವನ ಕೌಶಲ ಶಿಕ್ಷಣವನ್ನು ಕರ್ನಾಟಕದ 4 ಜಿಲ್ಲೆಗಳ 261 ಪ್ರೌಢಶಾಲೆಗಳಲ್ಲಿ, ಶಿಕ್ಷಕರಿಗೇ ತರಬೇತಿ ಕೊಟ್ಟು ನಡೆಸಲಾಯಿತು. 2010ರಲ್ಲಿ ಪ್ರಕಟವಾದ ವರದಿಯಲ್ಲಿ, ಕಾರ್ಯಕ್ರಮ ನಡೆದ ಶಾಲೆಗಳ 605 ಮಕ್ಕಳನ್ನು ನಡೆಯದ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿದರು. ಕಲಿತ ಮಕ್ಕಳಲ್ಲಿ ಆತ್ಮಗೌರವ, ಕಷ್ಟವನ್ನು ನಿಭಾಯಿಸುವ ವಿಶ್ವಾಸ, ಶಿಕ್ಷಕರೊಂದಿಗಿನ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮಾನಸಿಕ ತೊಂದರೆಯ ಪ್ರಮಾಣದಲ್ಲಿ, ಮನೆಯಲ್ಲಿ ಮತ್ತು ಗೆಳೆಯರೊಂದಿಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಅವರು ಬರೆದರು. ಹಾಗೆ ಬರೆದದ್ದರಿಂದಲೇ ನಮಗೆ ಗೊತ್ತಾಗುತ್ತದೆ: ಶಾಲೆಯ ಪಾಠ ಸಹಾಯ ಮಾಡುತ್ತದೆ, ಆದರೆ ತೊಂದರೆ ಇರುವವರಿಗೆ ಪಾಠವೊಂದೇ ಸಾಲದು.

ನಮ್ಮ ಸಹಿ, ನಮ್ಮ ಮಾತು

ಈಗ ಫಾರಂ ವಿಷಯ. ಖಾಲಾ ಮಗನಿಗೆ 11 ವರ್ಷ. ಗಮನ ನಿಲ್ಲದ ತೊಂದರೆಗಾಗಿ ಆಸ್ಪತ್ರೆಗೆ ತೋರಿಸುತ್ತಿದ್ದರು. ಅಲ್ಲಿ ನಡೆಯುತ್ತಿದ್ದ ಒಂದು ಅಧ್ಯಯನಕ್ಕೆ ಸೇರುವಿರಾ ಎಂದು ಕೇಳಿ ಹಾಳೆಗಳನ್ನು ಕೊಟ್ಟಿದ್ದರು. (ಇದನ್ನು ಬರೆಯಲು ಅವನನ್ನೂ ಖಾಲಾ ಅವರನ್ನೂ ಕೇಳಿ ಒಪ್ಪಿಗೆ ಪಡೆದಿದ್ದೇನೆ.) ಖಾಲೂಗೆ ಪೀಣ್ಯದಲ್ಲಿ ರಾತ್ರಿ ಪಾಳಿ. ಖಾಲಾಗೆ ಉರ್ದು ಓದಲು ಬರುತ್ತದೆ, ಕನ್ನಡ ಅಷ್ಟಾಗಿ ಬರುವುದಿಲ್ಲ. ನಾನು ಒಂದೊಂದು ಸಾಲು ಓದಿ ದಖನಿಯಲ್ಲಿ ಹೇಳುತ್ತಾ ಹೋದೆ.

‘ನಮ್ಮ ಮಗು ಮೇಲೆ ಪ್ರಯೋಗನಾ?’ ಎಂಬುದೇ ಖಾಲಾ ಅವರ ಮೊದಲ ಮಾತು. ಫಾರಂನಲ್ಲಿ ಇದ್ದುದು ಹೊಸ ಮಾತ್ರೆಯಲ್ಲ. ಪ್ರಶ್ನೆಗಳು, ಕಂಪ್ಯೂಟರಿನಲ್ಲಿ ಕೆಲವು ಆಟದಂಥ ಪರೀಕ್ಷೆಗಳು, ಒಂದು ಸಲ ರಕ್ತದ ಮಾದರಿ. ಮರುವಾರ ಹೋದಾಗ ಉರ್ದುವಿನಲ್ಲಿ ವಿವರಿಸುವವರು ಬೇಕು ಎಂದು ಖಾಲಾ ಕೇಳಿದರು. ಅವರು ಒಬ್ಬರನ್ನು ಕರೆಸಿದರು. ಆಮೇಲೆ ಮಗುವಿನ ಕಡೆ ತಿರುಗಿ ಕೇಳಿದರು. ಅವನು, ‘ಆಟ ಆಡ್ತೀನಿ, ಪ್ರಶ್ನೆಗೂ ಹೇಳ್ತೀನಿ, ರಕ್ತ ಮಾತ್ರ ಕೊಡಲ್ಲ’ ಎಂದ. ಆಯಿತು ಎಂದು ಅದನ್ನು ಬಿಟ್ಟರು. ಅವನ ಚಿಕಿತ್ಸೆ ಹಿಂದಿನಂತೆಯೇ ನಡೆಯುತ್ತಿದೆ.

ಇದು ಆ ವೈದ್ಯರು ಮಾಡಿದ ಉಪಕಾರ ಎಂದು ಮೊದಲು ನಾವೆಲ್ಲ ಅಂದುಕೊಂಡೆವು. ಆದರೆ ಇದು ನಿಯಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ, 18 ತುಂಬದವರ ವಿಷಯದಲ್ಲಿ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕೇ ಬೇಕು. ಆದರೆ ಅದೊಂದೇ ಸಾಲದು. 7ರಿಂದ 12 ವರ್ಷದ ಮಗುವನ್ನು ಬಾಯಿಮಾತಿನಲ್ಲಿ ಕೇಳಬೇಕು. 12ರಿಂದ 18ರವರಿಗೆ ಅರ್ಥವಾಗುವ ಸರಳ ಭಾಷೆಯ ಪ್ರತ್ಯೇಕ ಹಾಳೆ ಕೊಟ್ಟು ಬರಹದಲ್ಲಿ ಸಮ್ಮತಿ ಪಡೆಯಬೇಕು. ಅಮ್ಮ ‘ಹೂಂ’ ಎಂದು ನಾವು ‘ಊಹೂಂ’ ಎಂದರೆ, ಸಾಮಾನ್ಯವಾಗಿ ನಮ್ಮ ‘ಊಹೂಂ’ಗೇ ಬೆಲೆ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಓದಲು ಬಾರದವರಿಗೆ, ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು.

ಇಷ್ಟಕ್ಕೂ ಮೊದಲು ನೈತಿಕ ಸಮಿತಿ ಒಪ್ಪಿರಬೇಕು. ಅದರಲ್ಲಿ ವೈದ್ಯರಲ್ಲದೆ ಕಾನೂನು ತಿಳಿದವರೂ, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಸಾಮಾನ್ಯ ನಾಗರಿಕರೂ ಇರುತ್ತಾರೆ. ನಾವು ಹೇಳಿದ್ದನ್ನು ಗುಟ್ಟಾಗಿಡಬೇಕು; ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸುತ್ತಾರೆ. ಆದರೆ ಗುಟ್ಟಿಗೂ ಒಂದು ಮಿತಿ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಒಳ್ಳೆಯ ಸಂಶೋಧಕರು ಇದನ್ನು ಮೊದಲೇ ಹೇಳುತ್ತಾರೆ.

ನಮ್ಮ ಊರು ಯಾವ ಲೆಕ್ಕಕ್ಕೆ?

2005ರ ಅಧ್ಯಯನದಲ್ಲಿ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿ ಎಂದು ಮೂರು ಗುಂಪು ಇದ್ದವಲ್ಲ, ಅದರಲ್ಲಿ ಮಾದನಾಯಕನಹಳ್ಳಿಯನ್ನು ಎಲ್ಲಿ ಇಡುವುದು? ಹೆಸರಿನಲ್ಲಿ ಹಳ್ಳಿ. ಪಕ್ಕದಲ್ಲಿ ತುಮಕೂರು ರಸ್ತೆ, ಹಗಲು ರಾತ್ರಿ ಲಾರಿಗಳು. ಉತ್ತರ ಕರ್ನಾಟಕದಿಂದ, ಬಿಹಾರದಿಂದ ಬಂದು ಬಾಡಿಗೆ ಮನೆಯಲ್ಲಿರುವವರ ಮಕ್ಕಳು. ಅಪ್ಪ ರಾತ್ರಿ ಪಾಳಿಯಲ್ಲಿದ್ದರೆ ಅಮ್ಮ ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೊರಡುವ, ವಾರಗಟ್ಟಲೆ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡದ ಮನೆಗಳು. ಇಂಥ ಕಡೆ ಬೆಳೆಯುವವರ ನಿದ್ದೆ, ಭಯ, ಸಿಟ್ಟು ಹೇಗಿರುತ್ತವೆ ಎಂದು ನಮ್ಮನ್ನು ಕೇಳಿದರಷ್ಟೇ ಗೊತ್ತಾಗುತ್ತದೆ. ನಾವು ಉತ್ತರಿಸದಿದ್ದರೆ ಬೇರೆಯವರ ಉತ್ತರವನ್ನೇ ನಮ್ಮದೆಂದು ಬರೆದುಕೊಳ್ಳುತ್ತಾರೆ.

ಆದ್ದರಿಂದ ಮುಂದೆ ನಿಮ್ಮ ಕೈಗೆ ಇಂಥ ಫಾರಂ ಬಂದರೆ ಹೆದರಿ ಹರಿಯಬೇಡಿ, ಓದದೇ ಸಹಿಯನ್ನೂ ಹಾಕಬೇಡಿ. ಈ ಪ್ರಶ್ನೆಗಳನ್ನು ಕೇಳಿ: ಇದರಿಂದ ನೀವು ಏನು ತಿಳಿಯಲು ಹೊರಟಿದ್ದೀರಿ? ನನಗೆ ಏನೇನು ಮಾಡುತ್ತೀರಿ? ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ? ನನ್ನ ಉತ್ತರ ಯಾರು ಯಾರ ಕಣ್ಣಿಗೆ ಬೀಳುತ್ತದೆ? ನಡುವೆ ಬಿಟ್ಟರೆ ಏನಾಗುತ್ತದೆ? ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ನೇರ ಉತ್ತರ ಸಿಕ್ಕರೆ ‘ಹೂಂ’ ಎನ್ನುವ ಬಗ್ಗೆ ಯೋಚಿಸಿ. ಸಿಗದಿದ್ದರೆ ಎದ್ದು ಬನ್ನಿ.

ಇನ್ನು, ಸಂಶೋಧನೆಗೆ ಕಾಯಬೇಕಾಗಿಲ್ಲದ ಮಾತೊಂದು. ನಿಮಗೋ ನಿಮ್ಮ ಗೆಳೆಯರಿಗೋ ಮನಸ್ಸು ತುಂಬಾ ಭಾರವಾಗಿದ್ದರೆ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೂ ಪಕ್ಕದ ಬೆಂಚಿನವರಿಗೆ ಬೇಕಾಗಬಹುದು.